ಚನ್ನರಾಯನದುರ್ಗದ ಬುಡದಲ್ಲಿ, ರಾಗಿ ಕಣದಲ್ಲಿ ಒಂದು ರಾತ್ರಿ

ಮೊದಲೇ ಹೇಳಿಬಿಡ್ತೀನಿ, ಬೆಟ್ಟದ ನೆತ್ತಿ ಮೇಲೆ ಟೆಂಟ್ ಹಾಕಿಸಿ ಫೋಟೊ ತೆಗೆಸೋರು ಬೇಕಿದ್ದರೆ ಇವರ ಹತ್ತಿರ ಹೋಗಬೇಡಿ. ಇವರು ಮೇಲೆ ಮಲಗೋಕೆ ಬಿಡಲ್ಲ. ನಾನು ಐದಕ್ಕೆ ಐದು ಸ್ಟಾರ್ ಕೊಟ್ಟಿರೋದೇ ಅದಕ್ಕೆ.

ಕೊರಟಗೆರೆ ಕಡೆಯ ಚನ್ನರಾಯನದುರ್ಗದ ಬುಡದಲ್ಲಿ ಅಣ್ಣತಮ್ಮ ಇಬ್ಬರು ತಮ್ಮ ಹೊಲದಲ್ಲೇ ನಡೆಸೋ ಕ್ಯಾಂಪಿಂಗ್ ಇದು. ಬೋರ್ಡಿಲ್ಲ, ಹೆಸರಿಲ್ಲ. ಟೆಂಟು, ರಾತ್ರಿ ಊಟ, ಬೆಳಗಿನ ತಿಂಡಿ, ಬೆಟ್ಟಕ್ಕೆ ಜೊತೆಗೆ ಬರೋದು ಎಲ್ಲ ಸೇರಿ ತಲೆಗೆ 1,200 ರೂಪಾಯಿ. ಜನವರಿಯಲ್ಲಿ ನಾನು, ನಮ್ಮೆಜಮಾನರು, ಪಿಯುಸಿ ಓದೋ ಮಗಳು ತುಮಕೂರಿಂದ ಹೋಗಿದ್ವಿ.

ಹೋದ ವರ್ಷ ಚಿಕ್ಕಬಳ್ಳಾಪುರದ ಕಡೆ ಬೆಟ್ಟವೊಂದಕ್ಕೆ ಬೇರೆ ತಂಡದ ಜೊತೆ ಹೋಗಿ ನೊಂದಿದ್ದೆ. ನಲವತ್ತು ಜನಕ್ಕೆ ಟಾರ್ಚ್ ಕೊಟ್ಟು ರಾತ್ರಿ ಎರಡು ಗಂಟೆಗೆ ಹತ್ತಿಸೋಕೆ ಹೊರಟಿದ್ರು. ಪರವಾನಗಿಯೇ ಇರಲಿಲ್ಲ. ಅರಣ್ಯದವರು ಬುಡದಲ್ಲೇ ತಡೆದು ವಾಪಸ್ ಕಳಿಸಿದ್ರು. ಕಟ್ಟಿದ ದುಡ್ಡು ಹೋಗೇ ಹೋಯ್ತು.

ಇಲ್ಲಿ ಅವತ್ತು ಇದ್ದಿದ್ದೇ ನಾವು ಮೂರು ಜನ. ಒಕ್ಕಣೆ ಮುಗಿದಿದ್ದ ರಾಗಿ ಕಣದಲ್ಲಿ ಟೆಂಟ್ ಹಾಕಿದ್ರು, ಪಕ್ಕದಲ್ಲೇ ಹುಲ್ಲಿನ ಬಣವೆ. ಸಗಣಿ ಸಾರಿಸಿದ ನೆಲಕ್ಕೆ ಗೂಟ ಹೊಡೆದ್ರೆ ಕಣ ಬಿರುಕು ಬಿಡುತ್ತೆ ಅಂತ ತಮ್ಮ ಒಂದು ಗೂಟವನ್ನೂ ಮುಟ್ಟಲಿಲ್ಲ. ಹೊಲದ ಬದುವಿನಿಂದ ಆರು ಗುಂಡುಕಲ್ಲು ತಂದು, ಒಂದೊಂದಕ್ಕೂ ಹಗ್ಗ ಎರಡು ಸುತ್ತು ಸುತ್ತಿ ಬಿಗಿದ. ರಾತ್ರಿ ಗಾಳಿ ಜೋರಾಗೇ ಬೀಸಿತು, ಟೆಂಟ್ ಅಲ್ಲಾಡಲಿಲ್ಲ.

ಊಟಕ್ಕೆ ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಅವರಮ್ಮ ಅವರೆಕಾಳು ಹಿತುಕುತ್ತಾ ಕೂತಿದ್ರು, ನಾನೂ ಮಗಳೂ ಜೊತೆಗೆ ಕೂತ್ವಿ. ಆ ಒಂದು ಗಂಟೆ ನನಗೆ ಬೆಟ್ಟದಷ್ಟೇ ಇಷ್ಟವಾಯ್ತು.

ಮೇಲೆ ಬಂಡೆಯಲ್ಲಿ ನೀರು ನಿಲ್ಲೋ ದೊಣೆ ಇದೆ, ಅದರ ಪಕ್ಕ ಟೆಂಟ್ ಹಾಕ್ಕೊಬಹುದಲ್ಲ ಅಂತ ಮಗಳು ಸಂಜೆಯೇ ಹಟ ಹಿಡಿದಿದ್ಲು. ಅಣ್ಣ ಒಪ್ಪಲಿಲ್ಲ. "ಬ್ಯಾಡ ಕಣವ್ವ, ನೀರಿರೋ ಜಾಗ ಅದು, ರಾತ್ರಿ ಹೊತ್ತು ನಮ್ದಲ್ಲ" ಅಂದ್ರು. ಬೆಳಕು ಹರಿಯೋ ಹೊತ್ತಿಗೆ ಹತ್ತೋಕೆ ಶುರು ಮಾಡಿದ್ವಿ. ಮಧುಗಿರಿ ಪಾಳೇಗಾರರ ಕಾಲದ ಕೋಟೆ, ಬಿದ್ದ ಗೋಡೆಗಳ ಸಂದಿಯಲ್ಲೆಲ್ಲ ಬಂದ್ರೆ ಅನ್ನೋ ಪೊದೆ ಗಿಡ. ಹಾಸುಬಂಡೆ ಮೇಲೆ ಸವೆದ ಶೂ ಜಾರುತ್ತೆ. ನಮ್ಮೆಜಮಾನರು ಎರಡು ಕಡೆ ಕೂತ್ಕೊಂಡೇ ಇಳಿದ್ರು. ಮೇಲಿಂದ ಮಧುಗಿರಿಯ ಏಕಶಿಲಾ ಬೆಟ್ಟ ಒಂದು ಕಡೆ, ಜಯಮಂಗಲಿ ಹುಟ್ಟೋ ದೇವರಾಯನದುರ್ಗದ ಸಾಲು ಇನ್ನೊಂದು ಕಡೆ.

ದೊಣೆ ಹತ್ತಿರ ಹೋದಾಗ ಅಣ್ಣ ಬಗ್ಗಿ ಕಡ್ಡಿಯಿಂದ ಏನನ್ನೋ ಕೆದಕಿ ತೋರಿಸಿದ್ರು. ಕರಡಿ ಲದ್ದಿ. ಇನ್ನೂ ಹಸಿ, ತುಂಬಾ ಎಲಚಿ ಹಣ್ಣಿನ ಬೀಜ. ಮಗಳು ಟೆಂಟ್ ಹಾಕೋಣ ಅಂದಿದ್ದ ಜಾಗಕ್ಕೆ ಹತ್ತು ಹೆಜ್ಜೆ ದೂರ ಅಷ್ಟೇ. ಅವಳು ನನ್ನ ಕೈ ಹಿಡ್ಕೊಂಡ್ಲು. ಅಣ್ಣ ನೋಡ್ದಾ ಅಂತಲೂ ಕೇಳಲಿಲ್ಲ, ಸುಮ್ಮನೆ ಮುಂದೆ ನಡೆದ್ರು.

ಕೊರತೆ ಇಲ್ಲ ಅಂತಲ್ಲ. ಸ್ಲೀಪಿಂಗ್ ಬ್ಯಾಗ್ ಮುಗ್ಗಲು ವಾಸನೆ, ಮನೆಯಿಂದಲೇ ಬೆಡ್‌ಶೀಟ್ ತಗೊಂಡು ಹೋಗಿ. ಟೆಂಟಿನ ಒಳಗೋಡೆ ಬೆಳಗಿನ ಜಾವ ಉಸಿರಿಗೆ ಒದ್ದೆಯಾಗಿತ್ತು, ಗಾಳಿ ಕಿಂಡಿ ಜಿಪ್ಪು ಕೆಟ್ಟಿದೆ, ರಿಪೇರಿ ಮಾಡಿಸಲೇಬೇಕು. ಶೌಚಾಲಯ ಮನೆ ಹಿಂದೆ ಒಂದೇ, ಚೊಕ್ಕಟವಾಗಿದೆ, ಆದರೆ ಕಣದಿಂದ ಅಲ್ಲಿಗೆ ದೀಪ ಇಲ್ಲ. ಹೆಣ್ಣುಮಕ್ಕಳು ಬರ್ತಾರೆ, ದಾರಿಗೊಂದು ಬಲ್ಬ್ ಹಾಕಿಸಿ ಅಂತ ಹೇಳಿ ಬಂದಿದ್ದೀನಿ. ಒಂಬತ್ತು ಗಂಟೆಗೆಲ್ಲ ಬಂಡೆ ಕಾಯೋಕೆ ಶುರುವಾಗುತ್ತೆ, ತಲೆಗೆ ಎರಡು ಲೀಟರ್ ನೀರು ಇರಲಿ. ಬೆಂಕಿ ಹಾಕೋದು ಕಣದ ಒಲೆಯಲ್ಲಿ ಮಾತ್ರ, ಬೆಟ್ಟದ ಮೇಲೆ ಬೀಡಿ ಸಿಗರೇಟಿಗೂ ಬಿಡಲ್ಲ.

ಶಿವರಾತ್ರಿ ಹೊತ್ತಿಗೆ ಬಾದೆ ಹುಲ್ಲು ಪೂರ್ತಿ ಒಣಗುತ್ತೆ, ಒಂದು ಕಿಡಿ ಬಿದ್ರೆ ಬೆಟ್ಟವೇ ಹತ್ತಿಕೊಳ್ಳುತ್ತೆ ಅಂತ ಮಳೆ ಬೀಳೋವರೆಗೂ ಯಾರನ್ನೂ ಕರ್ಕೊಂಡು ಹೋಗಲ್ವಂತೆ. ಒಳ್ಳೆ ಮಳೆ ಬಿದ್ದ ಮೇಲೆ ನಮಗೇ ಮೊದಲು ಫೋನ್ ಮಾಡಿ ಅಂತ ಮಗಳು ನಂಬರ್ ಕೊಟ್ಟು ಬಂದಿದ್ದಾಳೆ.