ಡಿಕ್ಕಿಗೆ ಸರಿಸಿದ ಬ್ಯಾಟರಿಗೆ ಮೆಗಾ ಫ್ಯೂಸೋ, ಬ್ರೇಕರೋ?

ಬ್ಯಾಟರಿ ಡಿಕ್ಕಿಗೆ ಹೋದರೆ ಪಾಸಿಟಿವ್ ಕೇಬಲ್ ಕಾರಿನುದ್ದಕ್ಕೂ ಹಾಯುತ್ತದೆ. ಎಲ್ಲಾದರೂ ಸವೆದು ಕಾರಿನ ಲೋಹದ ಮೈಗೆ ತಾಗಿದರೆ ಬೆಂಕಿಯೇ. ಫ್ಯೂಸೋ ಬ್ರೇಕರೋ, ಯಾವುದನ್ನೇ ಹಾಕಿ, ಬ್ಯಾಟರಿಯ ಟರ್ಮಿನಲ್‌ನಿಂದ ಗೇಣಿನೊಳಗೇ ಹಾಕಿ.

ಬ್ರೇಕರ್ ಎಂದರೆ ಕರೆಂಟ್ ಮಿತಿಮೀರಿದಾಗ ತಾನೇ ಕಡಿಯುವ ಸ್ವಿಚ್; ಟ್ರಿಪ್ ಆದರೆ ಮತ್ತೆ ಒತ್ತಿದರಾಯಿತು. ಆದರೆ ಅಗ್ಗದವುಗಳ ಕಾಂಟ್ಯಾಕ್ಟ್ ಸ್ಟಾರ್ಟರ್ ಕರೆಂಟಿಗೆ ಬಿಸಿಯಾಗಿ ವೋಲ್ಟೇಜ್ ಇಳಿಸುತ್ತದೆ. ಮಲ್ಪೆ, ಸುರತ್ಕಲ್ ಕಡೆಯ ಉಪ್ಪುಗಾಳಿಗೆ ಒಳಗೇ ಕಿಲುಬು ಹಿಡಿದರೂ ಕಣ್ಣಿಗೆ ಬೀಳದು.

ನಮ್ಮ ಆಯ್ಕೆ ಮೆಗಾ ಫ್ಯೂಸ್, ಅಂದರೆ ಬೋಲ್ಟ್ ಹಾಕಿ ಬಿಗಿಯುವ ದೊಡ್ಡ ಫ್ಯೂಸ್. ನಿಧಾನಕ್ಕೆ ಕರಗುವ ಬಗೆಯಾದ್ದರಿಂದ ಸ್ಟಾರ್ಟ್ ಮಾಡುವ ಕ್ಷಣದ ಏರಿಕೆಯನ್ನು ತಾಳಿಕೊಂಡು, ಶಾರ್ಟ್ ಆದಾಗ ಹಾರುತ್ತದೆ. ಸಣ್ಣ ಪೆಟ್ರೋಲ್ ಕಾರಿಗೆ 35 ಚದರ ಮಿ.ಮೀ. ತಾಮ್ರದ ಕೇಬಲ್, 200 ಆಂಪಿಯರ್ ಫ್ಯೂಸ್ ಸಾಮಾನ್ಯವಾಗಿ ಸಾಕು. ಡೀಸೆಲ್‌ಗೆ ಎರಡೂ ದೊಡ್ಡದಾಗಬೇಕು. ಫ್ಯೂಸ್ ಕಾಯುವುದು ಕೇಬಲನ್ನು, ಹಾಗಾಗಿ ಪದೇ ಪದೇ ಹಾರಿದರೆ ಫ್ಯೂಸ್ ಮಾತ್ರ ಹಿಗ್ಗಿಸಲೇಬೇಡಿ. ಕೇಬಲ್ ತುದಿಗೆ ಒತ್ತುವ ಲಗ್ ತವರ ಲೇಪಿತವಿರಲಿ, ಬಿಡಿ ಫ್ಯೂಸೊಂದು ಕಾರಿನಲ್ಲೇ ಇರಲಿ.