ಎನ್‌ಕ್ಯೂರಾ ಮತ್ತು ಎಸ್‌ಆರ್‌ಎ: ಗ್ರಾಂಟ್ಸ್ ಆಫೀಸಿನವರು ಯಾವುದಕ್ಕೆ ಸೇರಬೇಕು?

ಅಮೆರಿಕದ ಯೂನಿವರ್ಸಿಟಿಗಳಲ್ಲಿ ರಿಸರ್ಚ್ ಗ್ರಾಂಟ್‌ಗಳ ಲೆಕ್ಕಪತ್ರ, ಬಜೆಟ್, ಒಪ್ಪಂದ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿರುವ ನಮ್ಮವರಿಗೆ ಇದು. ಎನ್‌ಕ್ಯೂರಾ (ನ್ಯಾಷನಲ್ ಕೌನ್ಸಿಲ್ ಆಫ್ ಯೂನಿವರ್ಸಿಟಿ ರಿಸರ್ಚ್ ಅಡ್ಮಿನಿಸ್ಟ್ರೇಟರ್ಸ್), ಎಸ್‌ಆರ್‌ಎ (ಸೊಸೈಟಿ ಆಫ್ ರಿಸರ್ಚ್ ಅಡ್ಮಿನಿಸ್ಟ್ರೇಟರ್ಸ್) ಎರಡೂ ಈ ಕೆಲಸದವರ ವೃತ್ತಿ ಸಂಘಗಳು. ಆಫೀಸು ಒಂದೇ ಸಂಘದ ಸದಸ್ಯತ್ವಕ್ಕೆ ದುಡ್ಡು ಕೊಡುತ್ತದೆ ಅಂದರೆ ನನ್ನ ಓಟು ಎನ್‌ಕ್ಯೂರಾಗೆ.

1959ರಲ್ಲಿ ಶುರುವಾದ ಸಂಘ ಇದು. ಎಲ್ಲರೂ ಅದರ ವರ್ಷದ ದೊಡ್ಡ ಸಮಾವೇಶದ ಬಗ್ಗೆಯೇ ಮಾತಾಡುತ್ತಾರೆ, ಆದರೆ ನನಗೆ ಜಾಸ್ತಿ ಉಪಯೋಗ ಆಗಿದ್ದು ಪ್ರಾದೇಶಿಕ ಸಭೆಗಳಿಂದ. ಅಮೆರಿಕದೊಳಗೆ ಏಳು ಪ್ರದೇಶಗಳಿವೆ, ಹೊರದೇಶದವರಿಗೆ ಎಂಟನೆಯದು. ಜನ ಕಡಿಮೆ, ಖರ್ಚೂ ಕಡಿಮೆ. ಸಬ್‌ಅವಾರ್ಡ್ (ಗ್ರಾಂಟಿನ ಒಂದು ಪಾಲನ್ನು ಇನ್ನೊಂದು ಸಂಸ್ಥೆಗೆ ಕೊಡುವ ಒಪ್ಪಂದ) ಕಾಗದ ಕಳಿಸಿ ಉತ್ತರಕ್ಕೆ ಕಾಯುತ್ತಿರುತ್ತೇವಲ್ಲ, ಆ ಇನ್ನೊಂದು ಯೂನಿವರ್ಸಿಟಿಯವರೇ ಅಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ, ಒಮ್ಮೆ ಮುಖಪರಿಚಯ ಆದ ಮೇಲೆ ಈಮೇಲ್‌ನಲ್ಲಿ ವಾರಗಟ್ಟಲೆ ಎಳೆಯುವ ವಿಷಯ ಒಂದು ಫೋನಿನಲ್ಲಿ ಮುಗಿಯುತ್ತದೆ. ಇಂಡೈರೆಕ್ಟ್ ಕಾಸ್ಟ್ (ಕಟ್ಟಡ, ಕರೆಂಟು, ಆಫೀಸಿನಂಥ ಸಾಮಾನ್ಯ ಖರ್ಚು), ಎಫರ್ಟ್ ರಿಪೋರ್ಟಿಂಗ್ (ಯಾರ ದುಡಿಮೆ ಯಾವ ಗ್ರಾಂಟಿಗೆ ಎಷ್ಟು ಅನ್ನುವ ಲೆಕ್ಕ) ಇವೆಲ್ಲ ಇನ್ನೂ ಗೊಂದಲ ಅನಿಸುವವರಿಗೆ ಇವರ ಮೊದಲ ಹಂತದ ಕಾರ್ಯಾಗಾರ ಚೆನ್ನಾಗಿದೆ.

ಎಸ್‌ಆರ್‌ಎ 1967ರದ್ದು. ಇದರಲ್ಲಿ ಯೂನಿವರ್ಸಿಟಿಯವರ ಜೊತೆಗೆ ಆಸ್ಪತ್ರೆ, ಸಂಶೋಧನಾ ಸಂಸ್ಥೆಗಳ ಜನರೂ ಇರುತ್ತಾರೆ. ನೀವು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಟ್ರಯಲ್ ನೋಡಿಕೊಳ್ಳುವವರಾದರೆ ನನ್ನ ಮಾತು ಬಿಡಿ, ಇದಕ್ಕೇ ಸೇರಿ. ಇವರ ಜರ್ನಲ್ ಕೂಡ ಓದುವಂಥದ್ದು.

ಒಂದು ವಿಷಯ ಮಾತ್ರ ದಯವಿಟ್ಟು ನೆನಪಿಡಿ. ಸಿಆರ್‌ಎ (ಸರ್ಟಿಫೈಡ್ ರಿಸರ್ಚ್ ಅಡ್ಮಿನಿಸ್ಟ್ರೇಟರ್ ಅನ್ನುವ ಈ ಕೆಲಸದ ಪ್ರಮಾಣಪತ್ರ) ಪರೀಕ್ಷೆ ಬರೆಯಬೇಕು ಅಂತ ಸುಮ್ನೆ ಎರಡೂ ಕಡೆ ಸದಸ್ಯರಾಗುವವರಿದ್ದಾರೆ. ಆ ಪರೀಕ್ಷೆ ನಡೆಸುವುದು 1993ರಲ್ಲಿ ಶುರುವಾದ ಬೇರೆಯೇ ಮಂಡಳಿ, ಎರಡೂ ಸಂಘಕ್ಕೆ ಸೇರದೆಯೂ ಬರೆಯಬಹುದು. ಪಾಸಾದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಂಘಗಳ ತರಬೇತಿ ಆಗ ಲೆಕ್ಕಕ್ಕೆ ಬರುತ್ತದೆ.

ಬೆಂಗಳೂರಿನ ಸಂಸ್ಥೆಗಳಲ್ಲಿ ಇದೇ ಕೆಲಸ ಮಾಡುವ ಗೆಳೆಯರೂ ಯಾವುದು ಒಳ್ಳೆಯದು ಅಂತ ಕೇಳುತ್ತಿರುತ್ತಾರೆ. ಅಮೆರಿಕದ ಗ್ರಾಂಟು ನಿಮ್ಮ ಕೈಗೆ ಬರುವುದಿಲ್ಲ ಅಂದರೆ ಅಮೆರಿಕದ ನಿಯಮಗಳ ತರಬೇತಿಗೆ ಡಾಲರ್ ಕಟ್ಟಬೇಡಿ. 2018ರಲ್ಲಿ, ಭಾರತದಲ್ಲಿ ಬಯೋಮೆಡಿಕಲ್ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್‌ನವರು ಭಾರತದ ರಿಸರ್ಚ್ ಮ್ಯಾನೇಜರ್‌ಗಳಿಗಾಗಿಯೇ ಐಆರ್‌ಎಂಐ ಅಂತ ಒಂದು ಕಾರ್ಯಕ್ರಮ ಶುರು ಮಾಡಿದರು, ಮೊದಲು ಅದನ್ನು ನೋಡಿ.