ಹಿನ್ನೀರಿಗೆ ಹೊರಟ ಎರಡು ಪುಟ್ಟ ಲೈಫ್ ಜಾಕೆಟ್

ಕಳೆದ ದೀಪಾವಳಿಯ ರಜೆಯಲ್ಲಿ ಶರಾವತಿ ಹಿನ್ನೀರಿನ ಒಂದು ದಡದಲ್ಲಿ ಟಿಕೆಟ್ ಕೊಂಡು ದೋಣಿಯ ಬಳಿ ನಿಂತಾಗ, ನಾಲ್ಕೂವರೆ ವರ್ಷದ ಮಗಳಿಗೆ ಕೊಟ್ಟ ಲೈಫ್ ಜಾಕೆಟ್ ಅವಳ ಮೊಣಕಾಲು ಮುಟ್ಟುತ್ತಿತ್ತು. ಎರಡು ಬಕಲ್‌ಗಳಲ್ಲಿ ಒಂದು ಮುರಿದಿತ್ತು. ಕಂಕುಳಲ್ಲಿದ್ದ ಎಂಟು ತಿಂಗಳ ಮಗನಿಗೆ ಏನೂ ಇರಲಿಲ್ಲ. ಕೇಳಿದ್ದಕ್ಕೆ ದೋಣಿಯಾತ, "ಸಣ್ಣ ಮಗೀಗೆ ಜಾಕೆಟ್ ಯಾಕ್ರೀ ಅಕ್ಕಾ, ಮಡಿಲಲ್ಲಿ ಗಟ್ಟಿಯಾಗಿ ಹಿಡ್ಕಂಡ್ರೆ ಸಾಕು" ಎಂದ. ಆತನ ಮಾತಿನಲ್ಲಿ ಉಡಾಫೆಯಿರಲಿಲ್ಲ. ವರ್ಷಗಟ್ಟಲೆ ಹಾಗೆಯೇ ನಡೆದುಬಂದಿದ್ದರಿಂದ ಬಂದ ಧೈರ್ಯವಿತ್ತು. ನಾವು ಟಿಕೆಟ್ಟಿನ ದುಡ್ಡು ಬಿಟ್ಟು ದಡದಲ್ಲೇ ಕುಳಿತು, ಕಟ್ಟಿಕೊಂಡು ಹೋಗಿದ್ದ ಬುತ್ತಿ ಬಿಚ್ಚಿ ಊಟ ಮಾಡಿ ವಾಪಸು ಬಂದೆವು. ಅದಾದ ವಾರದೊಳಗೆ ಇಬ್ಬರಿಗೂ ಒಂದೊಂದು ಜಾಕೆಟ್ ತರಿಸಿದೆ. ಒಂದು ಬೇಸಿಗೆ, ಒಂದು ಮಳೆಗಾಲ ಅವುಗಳನ್ನು ಬಳಸಿ, ಒಣಗಿಸಿ, ಸ್ವಲ್ಪ ಹಾಳು ಮಾಡಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ರಚನೆಯ ಜಾಕೆಟ್ಟುಗಳನ್ನು ಹಲವರು ಮಾರುತ್ತಾರೆ. ಕೊಳ್ಳುವಾಗ ನೋಡಬೇಕಾದದ್ದು ರಚನೆಯನ್ನು.

ಎರಡೂ ಗಾಳಿ ತುಂಬುವ ಬಗೆಯವಲ್ಲ, ಒಳಗೆ ಫೋಮ್ ಹಲಗೆಗಳಿರುವಂಥವು. ಮಗನದ್ದು 15 ಕೆ.ಜಿ. ತೂಕದವರೆಗಿನ ಶಿಶುಗಳಿಗೆ, ಮಗಳದ್ದು 15ರಿಂದ 30 ಕೆ.ಜಿ.ಯವರೆಗಿನ ಮಕ್ಕಳಿಗೆ. ಮಕ್ಕಳ ಉಡುಪನ್ನು ವಯಸ್ಸು ಹೇಳಿ ಕೊಳ್ಳುವ ರೂಢಿ ನಮ್ಮದು; ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಅಳತೆ ದೊಡ್ಡದನ್ನೇ ತರುವುದೂ ಉಂಟು. ಲೈಫ್ ಜಾಕೆಟ್ಟಿನ ವಿಷಯದಲ್ಲಿ ಈ ಉಳಿತಾಯ ಅಪಾಯಕಾರಿ. ಸಡಿಲವಾದ ಜಾಕೆಟ್ ನೀರಿಗೆ ಬಿದ್ದ ಕೂಡಲೇ ತಾನು ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಕ್ಕೆ ಜಾರುತ್ತದೆ. ಆದ್ದರಿಂದ ತೂಕದ ಯಂತ್ರದ ಮೇಲೆ ಮಗುವನ್ನು ನಿಲ್ಲಿಸಿ ನೋಡಿ, ಅಂದಿನ ತೂಕಕ್ಕೆ ಸರಿಹೊಂದುವುದನ್ನೇ ಕೊಳ್ಳಬೇಕು.

ಜಾಕೆಟ್ಟಿನ ಒಳಬದಿಯಲ್ಲಿ ಐಎಸ್ಒ 12402-4 ಎಂಬ ಅಂತರರಾಷ್ಟ್ರೀಯ ಮಾನಕದ ಸಂಖ್ಯೆಯೂ 100 ಎಂಬ ಅಂಕಿಯೂ ಅಚ್ಚಾಗಿವೆ. ಈ ಮಾನಕದ ಸರಣಿಯಲ್ಲಿ 50, 100, 150, 275 ಎಂಬ ನಾಲ್ಕು ಮಟ್ಟಗಳಿದ್ದು, 50 ಎಂದಿರುವುದು ಈಜು ಬಲ್ಲವರಿಗೆ ನೆರವಾಗುವ ಉಡುಪು ಮಾತ್ರ. ಈಜು ಬಾರದ ಮಗುವಿಗೆ ಕನಿಷ್ಠ 100ರ ಮಟ್ಟದ್ದು ಬೇಕು; ಅದರಲ್ಲಿ ಕುತ್ತಿಗೆಯ ಹಿಂದೆ ದಪ್ಪನೆಯ ಕಾಲರ್ ಇದ್ದು, ಮುಖ ಮೇಲ್ಮುಖವಾಗಿ ನಿಲ್ಲುವಂತೆ ಎದೆಯ ಭಾಗದಲ್ಲಿ ಹೆಚ್ಚು ಫೋಮ್ ಇಟ್ಟಿರುತ್ತಾರೆ. 100 ಎಂಬುದು ನ್ಯೂಟನ್ನಿನ ಲೆಕ್ಕದಲ್ಲಿ ಇಟ್ಟ ಮಟ್ಟದ ಹೆಸರು. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕೆ.ಜಿ. ಭಾರವನ್ನು ಎತ್ತಿ ಹಿಡಿಯುವ ಬಲ. ಶಿಶುವಿನ ಅಳತೆಯ ಜಾಕೆಟ್ಟಿನಲ್ಲಿ ನಿಜವಾದ ಬಲ ಆ ಅಂಕಿಗಿಂತ ಕಡಿಮೆಯೇ ಇರುತ್ತದೆ, ಅಷ್ಟು ಸಣ್ಣ ದೇಹಕ್ಕೆ ಅಷ್ಟೇ ಸಾಕು.

ಕಾಲರ್ ಏಕೆ ಬೇಕೆಂದು ತಿಳಿಯಲು ಮಗುವಿನ ಮೈಕಟ್ಟನ್ನು ಗಮನಿಸಬೇಕು. ಹುಟ್ಟಿದ ಮಗುವಿನ ಉದ್ದದಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ತಲೆಯೇ ಆಗಿರುತ್ತದೆ. ದೊಡ್ಡವರಲ್ಲಿ ಅದು ಎಂಟನೆಯ ಒಂದು ಭಾಗದಷ್ಟು. ತಲೆಭಾರದ ಈ ದೇಹ ನೀರಿನಲ್ಲಿ ತಾನಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ನಮ್ಮ ಕಡೆ ಮಕ್ಕಳಿಗೆ ಈಜು ಕಲಿಸುವಾಗ ಬೆನ್ನಿಗೆ ಸೋರೆ ಬುರುಡೆಯನ್ನೋ ಒಣ ತೆಂಗಿನಕಾಯಿಯನ್ನೋ ಕಟ್ಟುತ್ತಿದ್ದರು. ಏಳೆಂಟು ವರ್ಷದ, ಕೈಕಾಲು ಬಡಿಯಬಲ್ಲ ಹುಡುಗನಿಗೆ ಅದು ಸರಿಯಾದ ಉಪಾಯವೇ. ಆದರೆ ಬೆನ್ನ ಮೇಲಿನ ಬುರುಡೆ ಹಸುಗೂಸಿನ ಮುಖವನ್ನು ನೀರಿಗೇ ಒತ್ತುತ್ತದೆ. ಈಗ ತೋಳಿಗೆ ತೊಡಿಸುವ ಪ್ಲಾಸ್ಟಿಕ್ ಗಾಳಿಚೀಲಗಳನ್ನೂ ಇದೇ ಸಾಲಿಗೆ ಸೇರಿಸಬಹುದು. ಅವು ಆಟದ ಸಾಮಾನು, ದೋಣಿಯಲ್ಲಿ ಅವುಗಳನ್ನು ನಂಬಿ ಕೂರಬಾರದು.

ಜಾಕೆಟ್ ಬಂದ ಮೇಲೆ ಮೊದಲು ಅದನ್ನು ಮನೆಯಲ್ಲಿ ತೊಡಿಸಿ ಬಿಟ್ಟೆವು. ಮಗ ಅರ್ಧ ಗಂಟೆ ಅತ್ತು, ಆಮೇಲೆ ಮರೆತು ಅಂಬೆಗಾಲಿಟ್ಟ. ಅಳತೆ ಸರಿಯಿದೆಯೇ ಎಂದು ನೋಡುವ ಸುಲಭದ ವಿಧಾನವೆಂದರೆ ಎಲ್ಲ ಪಟ್ಟಿಗಳನ್ನೂ ಬಿಗಿದು, ಜಾಕೆಟ್ಟಿನ ಎರಡೂ ಭುಜಗಳನ್ನು ಹಿಡಿದು ಮಗುವನ್ನು ಮೆಲ್ಲಗೆ ಎತ್ತುವುದು. ಗಲ್ಲವಾಗಲಿ ಕಿವಿಯಾಗಲಿ ಕೊರಳಿನ ತೆರಪಿನೊಳಗೆ ಇಳಿದರೆ ಅದು ದೊಡ್ಡದಾಯಿತೆಂದು ಅರ್ಥ. ನಂತರ ಡಿಸೆಂಬರಿನ ಒಂದು ಮಧ್ಯಾಹ್ನ, ಸಾಗರದ ಹತ್ತಿರವಿರುವ ಗಂಡನ ಮನೆಯ ತೋಟದ ಕೆರೆಯಲ್ಲಿ, ಬಿಸಿಲಿಗೆ ನೀರು ಸ್ವಲ್ಪ ಬೆಚ್ಚಗಾದ ಹೊತ್ತು ನೋಡಿ, ಗಂಡ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮೊದಲು ಮಗಳನ್ನು, ಆಮೇಲೆ ಮಗನನ್ನು ಅಂಗಾತ ತೇಲಿಸಿ ನೋಡಿದರು. ಕೈಯನ್ನು ಒಂದು ಕ್ಷಣವೂ ದೂರ ಒಯ್ಯಲಿಲ್ಲ. ಮಗನನ್ನು ಬೋರಲು ಹಾಕಿ ಪರೀಕ್ಷಿಸುವ ಸಾಹಸಕ್ಕಂತೂ ಹೋಗಲಿಲ್ಲ. ಕಾಲರ್ ತಲೆದಿಂಬಿನಂತೆ ತಲೆಯನ್ನು ಎತ್ತಿ ಹಿಡಿಯಿತು, ಬಾಯಿ ನೀರಿನಿಂದ ಸಾಕಷ್ಟು ಮೇಲಿತ್ತು. ಮೆಟ್ಟಿಲ ಮೇಲೆ ನಿಂತು ದೇವರ ಹೆಸರು ಹೇಳುತ್ತಿದ್ದ ಅತ್ತೆಯವರು ಅದನ್ನು ಕಂಡ ಮೇಲೆ ಸುಮ್ಮನಾದರು.

ತಪ್ಪು ಕಂಡಿದ್ದು ಮಗಳ ವಿಷಯದಲ್ಲಿ. ಎದೆಯ ಎರಡು ಬಕಲ್ ಹಾಕಿದ್ದೆವು, ಕಾಲುಗಳ ನಡುವೆ ಹಾಯಿಸಿ ಕಟ್ಟುವ ಪಟ್ಟಿಯನ್ನು ಅವಳು ಬೇಡವೆಂದಳೆಂದು ಬಿಟ್ಟಿದ್ದೆವು. ನೀರಿಗಿಳಿದ ಕೂಡಲೇ ಜಾಕೆಟ್ ಕಿವಿಯವರೆಗೆ ಏರಿ ಅವಳ ಮುಖವೇ ಮುಚ್ಚಿಹೋಯಿತು. ಪಟ್ಟಿಯನ್ನು ಕಟ್ಟಿದ ಮೇಲೆ ಅದೇ ಜಾಕೆಟ್ ಅಲುಗಲಿಲ್ಲ. ದೋಣಿ ನಡೆಸುವವರು ಬಾಡಿಗೆಗೆ ಕೊಡುವ ಎಷ್ಟೋ ಜಾಕೆಟ್ಟುಗಳಲ್ಲಿ ಈ ಪಟ್ಟಿಯೇ ಇರುವುದಿಲ್ಲ, ಇದ್ದರೂ ಯಾರೂ ಕಟ್ಟುವುದಿಲ್ಲ. ಈ ಒಂದು ಪಟ್ಟಿ ಇಲ್ಲದ ಮಕ್ಕಳ ಜಾಕೆಟ್ ಎಷ್ಟೇ ಅಗ್ಗವಾಗಿ ಸಿಕ್ಕರೂ ನಾನು ಕೊಳ್ಳುವುದಿಲ್ಲ.

ಇನ್ನೊಂದು ಒಳ್ಳೆಯ ಅಂಶ ಕಾಲರಿನ ಹಿಂದಿರುವ ಹಿಡಿಕೆ. ನೀರಿನಲ್ಲಿರುವ ಮಗುವನ್ನು ದೋಣಿಯ ಮೇಲಿಂದ ಬಾಗಿ ಎತ್ತಿಕೊಳ್ಳಲು ಅದು ಬೇಕು. ಒದ್ದೆಯಾದ ತೋಳು ಕೈಗೆ ಸಿಕ್ಕಿದರೂ ಜಾರುತ್ತದೆ. ಬಣ್ಣ ಗಾಢ ಕಿತ್ತಳೆ. ಮಗಳಿಗೆ ನೀಲಿ ಬೇಕಿತ್ತು, ಕೊಡಿಸಲಿಲ್ಲ. ಕಾಡಿನ ನೆರಳು ಬಿದ್ದು ಕಪ್ಪುಹಸಿರಾಗಿರುವ ನಮ್ಮ ಹಿನ್ನೀರಿನಲ್ಲಿ ನೀಲಿಯೂ ಹಸಿರೂ ಹತ್ತು ಮಾರು ದೂರದಲ್ಲೇ ಕಣ್ಣಿಗೆ ಸಿಗುವುದಿಲ್ಲ.

ದೋಷಗಳೂ ಇವೆ. ಶಿಶುವಿನ ಜಾಕೆಟ್ಟಿನ ಕಾಲುಪಟ್ಟಿ ತೀರಾ ಕಿರಿದು, ಅಂಚು ಒರಟು. ಮಗನ ತೊಡೆಯ ಸಂದಿಯಲ್ಲಿ ಕೆಂಪು ಗೆರೆ ಬಿದ್ದಿತ್ತು. ಹಳೆಯ ಹತ್ತಿ ಪಂಚೆಯ ತುಂಡನ್ನು ಅದಕ್ಕೆ ಸುತ್ತಿ ಹೊಲಿದ ಮೇಲೆ ತೊಂದರೆಯಾಗಲಿಲ್ಲ. ಕೆರೆಯಲ್ಲಿ ಮಾಮೂಲಿ ಡೈಪರ್ ತೊಡಿಸಿಯೇ ಇಳಿಸಿದ್ದರಿಂದ ಅದು ನೀರು ಹೀರಿ ಊದಿಕೊಂಡು ಪಟ್ಟಿ ಮತ್ತಷ್ಟು ಬಿಗಿಯಿತು. ಆಮೇಲಿಂದ ದೋಣಿಗೆ ಹೋಗುವಾಗ ಬಟ್ಟೆಯ ಲಂಗೋಟಿಯನ್ನೇ ಕಟ್ಟುತ್ತೇನೆ, ಒದ್ದೆಯಾದರೆ ಬದಲಿಸುತ್ತೇನೆ. ಹೆಚ್ಚು ಕಾಡಿದ್ದು ಕಾಲರ್. ಅದು ತಲೆಯನ್ನು ಮುಂದಕ್ಕೆ ತಳ್ಳುವುದರಿಂದ ಮಗು ಒರಗಿ ಮಲಗಲಾರದು, ಜಾಕೆಟ್ ತೊಟ್ಟಿರುವಾಗ ಎದೆಹಾಲು ಕುಡಿಸುವುದು ಆಗದ ಮಾತು. ಹಾಲು ಕುಡಿಸಲೆಂದು ನಡುನೀರಿನಲ್ಲಿ ಬಿಚ್ಚಿದರೆ ತಂದು ಪ್ರಯೋಜನವೇನು? ಹೀಗಾಗಿ ದಡದಲ್ಲೇ ಹಾಲು ಕುಡಿಸಿ, ತೇಗಿಸಿ, ಅರ್ಧ ಗಂಟೆಗೆ ಮೀರದ ಸುತ್ತಿಗೆ ಮಾತ್ರ ಹತ್ತುತ್ತೇವೆ. ಎರಡು ಗಂಟೆಯ ವಿಹಾರ ಬೇಕೆನ್ನುವವರಿಗೆ ಈ ಜಾಕೆಟ್ ಹಿಡಿಸದು. ಆದರೆ ಒಂದು ವರ್ಷದೊಳಗಿನ ಮಗುವಿಗೆ ಎರಡು ಗಂಟೆಯ ವಿಹಾರವೇ ಹಿಡಿಸದು.

ಬೆಲೆಯ ಬಗ್ಗೆ ಹೇಳಬೇಕೆಂದರೆ, ಎರಡಕ್ಕೂ ಸೇರಿ ನನಗೆ 7,400 ರೂಪಾಯಿ ಬಿದ್ದಿತು. ಮನೆಯಲ್ಲಿ ಅದರ ಚರ್ಚೆ ಇನ್ನೂ ಮುಗಿದಿಲ್ಲ.

ಮೊದಲ ಪ್ರಯಾಣ ಜನವರಿಯಲ್ಲಿ, ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸಿಗುವ ಗಾಜನೂರಿನ ತುಂಗಾ ಹಿನ್ನೀರಿನಲ್ಲಿ. ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಿಕೊಂಡು, ಬಿಸಿಲೇರುವ ಮೊದಲೇ ದೋಣಿ ಹತ್ತಿದೆವು. ಹತ್ತುವಾಗ ಎಂಜಿನ್ ನಿಂತಿತ್ತು. ಗಂಡ ಮೊದಲು ಹತ್ತಿ ಕುಳಿತರು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೈಗೆ ಕೊಟ್ಟು ಕೊನೆಗೆ ನಾನು ಹತ್ತಿದೆ. ಮಗುವನ್ನು ಎತ್ತಿಕೊಂಡೇ ದೋಣಿಗೆ ಕಾಲಿಡುವುದು ನಾವು ಎಲ್ಲೆಡೆ ಕಾಣುವ ದೃಶ್ಯ. ದೋಣಿ ವಾಲಿದಾಗ ತಾಯಿಯ ಎರಡು ಕೈಗಳೂ ಮಗುವಿನ ಮೇಲಿದ್ದರೆ ಹಿಡಿದುಕೊಳ್ಳಲು ಮೂರನೆಯ ಕೈ ಎಲ್ಲಿಂದ ಬರಬೇಕು? ಎಂಜಿನ್ನಿನ ಹೊಗೆಯೂ ಸದ್ದೂ ತಾಗದಂತೆ ಹಿಂಬದಿಯನ್ನು ಬಿಟ್ಟು ನಡುವಿನಲ್ಲಿ, ದೋಣಿಯ ತಳಕ್ಕೆ ಹತ್ತಿರವಾಗಿ ಕುಳಿತೆವು. ಈಜು ಬಾರದ ಒಂದೊಂದು ಮಗುವಿಗೆ ಒಬ್ಬೊಬ್ಬ ದೊಡ್ಡವರು ಎಂಬ ಲೆಕ್ಕವನ್ನು ಮೊದಲೇ ಹಾಕಿಕೊಂಡಿದ್ದೆವು. ಫೋಟೋ ತೆಗೆಯುವ ಕೆಲಸ ಮೂರನೆಯವರದ್ದು, ಮೂರನೆಯವರಿಲ್ಲದಿದ್ದರೆ ಫೋಟೋ ಇಲ್ಲ. ನಾವಿಬ್ಬರೂ ಜಾಕೆಟ್ ತೊಟ್ಟಿದ್ದೆವು. ನೀರಿನಲ್ಲಿ ತಾನೇ ತೇಲಲಾರದ ಅಪ್ಪ ಅಮ್ಮ ಮಗುವಿಗೆ ಆಸರೆಯಾಗುವುದು ಹೇಗೆ?

ಈಚೆಗೆ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಚೀಲಗಳು ನಮ್ಮೂರಿನಲ್ಲೂ ಹೆಚ್ಚಾಗಿವೆ. ನಡೆಯುವಾಗ ಬಹಳ ಅನುಕೂಲ, ನಾನೂ ಬಳಸುತ್ತೇನೆ. ದೋಣಿಯಲ್ಲಿ ಮಾತ್ರ ಅದನ್ನು ಬಿಚ್ಚಿಡಲೇಬೇಕು. ನೀರಿಗೆ ಬಿದ್ದರೆ ತಾಯಿಗೂ ಮಗುವಿಗೂ ಬೇರೆಯಾಗಲು ಬರುವುದಿಲ್ಲ. ಒದ್ದೆ ಗಂಟನ್ನು ಬಿಚ್ಚುವಷ್ಟು ಹೊತ್ತು ಮಗುವಿನ ಬಳಿ ಇರುವುದಿಲ್ಲ. ಮಗುವನ್ನು ದೋಣಿಗೇ ಕಟ್ಟಿ ಕೂರಿಸುವುದೂ ಅಷ್ಟೇ ತಪ್ಪು.

ಫೆಬ್ರವರಿಯ ಎರಡನೆಯ ಪ್ರಯಾಣ ಹರಿಗೋಲಿನಲ್ಲಿ. ನಡೆಸುತ್ತಿದ್ದ ಹಿರಿಯರು ಮಗುವಿನ ಮೈಮೇಲಿದ್ದ ಜಾಕೆಟ್ಟನ್ನು ಕಂಡು ನಕ್ಕರು, ಆದರೆ "ತಿರುಗಿಸಬೇಡಿ" ಎಂದಿದ್ದಕ್ಕೆ ಮರುಮಾತಾಡದೆ ನೇರ ಹುಟ್ಟು ಹಾಕಿದರು. ದೊಡ್ಡವರಿಗೆ ಖುಷಿಯೆಂದು ಹರಿಗೋಲನ್ನು ಬುಗುರಿಯಂತೆ ಸುತ್ತಿಸುವ ರೂಢಿಯಿದೆಯಲ್ಲ, ಮಕ್ಕಳಿದ್ದಾಗ ಅದನ್ನು ಹತ್ತುವ ಮೊದಲೇ ಬೇಡವೆನ್ನಬೇಕು. ಈ ಹಿರಿಯರಿಗೆ ಪೂರ್ತಿ ಅಂಕ ಕೊಡುತ್ತೇನೆ. ಅವರು ಆರನೆಯ ಮಂದಿಯನ್ನು ಹತ್ತಿಸಲಿಲ್ಲ, ಸಂಜೆ ಗಾಳಿ ಎದ್ದ ಮೇಲೆ ಕಾದಿದ್ದವರನ್ನು ವಾಪಸು ಕಳಿಸಿದರು. ದೋಣಿ ಒಳ್ಳೆಯದೋ ಎಂದು ನೋಡುವುದಕ್ಕಿಂತ ನಡೆಸುವಾತ ಯಾವಾಗ ಇಲ್ಲವೆನ್ನುತ್ತಾನೆ ಎಂದು ನೋಡುವುದನ್ನು ನಾನು ಅಂದಿನಿಂದ ಕಲಿತೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಸಂಜೆಯ ದೋಣಿ ಮಗುಚಿ 22 ಜನ ಸತ್ತರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ 12 ಶಾಲಾಮಕ್ಕಳೂ ಇಬ್ಬರು ಶಿಕ್ಷಕಿಯರೂ ಹೋದರು. ಅಲ್ಲಿ ಅಳತೆ ಮೀರಿ ಜನ ತುಂಬಿದ್ದರು, ಹೆಚ್ಚಿನವರ ಮೈಮೇಲೆ ಜಾಕೆಟ್ ಇರಲಿಲ್ಲ. ಎರಡೂ ಕಡೆ ಯಾರಾದರೊಬ್ಬರು ಇಲ್ಲವೆನ್ನಬೇಕಿತ್ತು.

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಹೋಗುವವರು ಕಾಲವನ್ನೂ ಗಮನಿಸಬೇಕು. 1964ರಲ್ಲಿ ಕಟ್ಟಿದ ಈ ಅಣೆಕಟ್ಟಿನ ಗರಿಷ್ಠ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲ ಮುಗಿದ ಮೇಲೆ ತುಂಬಿ ನಿಂತ ನೀರು ಬೇಸಿಗೆ ಬಂದಂತೆ ಇಳಿಯುತ್ತಾ, ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರಿನ ಮಟ್ಟಕ್ಕೆ ಬರುತ್ತವೆ, ದಡದ ಕೆಸರೂ ಹೆಚ್ಚುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಮಕ್ಕಳೊಂದಿಗೆ ಹೋಗಲು ಹದವಾದ ಕಾಲ. ಆಗ ಬೆಳಗಿನ ಚಳಿಗೆ ಟೋಪಿ, ಕಾಲುಚೀಲ, ಒಂದು ಜೊತೆ ಒಣ ಬಟ್ಟೆ ಇರಬೇಕು, ಏಕೆಂದರೆ ಒದ್ದೆಯಾದ ಎಳೆ ಮೈ ಬಹುಬೇಗ ಬಿಸಿ ಕಳೆದುಕೊಳ್ಳುತ್ತದೆ. ಹತ್ತು ಗಂಟೆಯ ಮೇಲಾದರೆ ಬಿಸಿಲು ಮೇಲಿನಿಂದಲ್ಲದೆ ನೀರಿನಿಂದಲೂ ಹೊಡೆಯುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಹಚ್ಚುವುದಕ್ಕಿಂತ ನೆರಳು ಮತ್ತು ತೋಳು ಮುಚ್ಚುವ ಹತ್ತಿ ಅಂಗಿ ಮೇಲು. ಇಷ್ಟು ಸಣ್ಣ ಮಕ್ಕಳನ್ನು ನೀರಿಗೇಕೆ ಒಯ್ಯಬೇಕು ಎಂದು ಕೇಳುವವರಿಗೆ, ಈ ಹಿನ್ನೀರಿನ ಆಚೆ ದಡದ ತುಮರಿ ಕಡೆಯ ತಾಯಂದಿರು ಬಾಣಂತನ ಮುಗಿಸಿ ಕೂಸನ್ನು ಲಾಂಚಿನಲ್ಲೇ ಮನೆಗೆ ತರುತ್ತಿದ್ದರೆಂದು ನೆನಪಿಸುತ್ತೇನೆ. ಅವರಿಗೆ ಅದು ವಿಹಾರವಾಗಿರಲಿಲ್ಲ. ಆ ಕಡೆಗೆ ದಾಟಿಸುವ ಸಿಗಂದೂರಿನ ಸೇತುವೆ ತೆರೆದದ್ದೇ 2025ರ ಜುಲೈನಲ್ಲಿ.

ಮಳೆಗಾಲಕ್ಕೆ ಜಾಕೆಟ್ಟುಗಳನ್ನು ಊರಲ್ಲೇ ಬಿಟ್ಟು ಬಂದಿದ್ದೆ. ಆಷಾಢದ ಥಂಡಿಯಲ್ಲಿ ಬೂಸು ಹಿಡಿಯುತ್ತಿದೆಯೆಂದು ಅತ್ತೆಯವರು ಕಾಳಜಿಯಿಂದಲೇ ಮಗಳ ಜಾಕೆಟ್ಟನ್ನು ಬಚ್ಚಲೊಲೆಯ ಮೇಲಿನ ಗಳಕ್ಕೆ ನೇತುಹಾಕಿದರು. ಬಟ್ಟೆಗೆ ಹೊಗೆ ವಾಸನೆ ಹತ್ತಿತು, ಶಾಖಕ್ಕೆ ಬೆನ್ನಿನ ಕಡೆಯ ಫೋಮ್ ಸುಕ್ಕಾಗಿ ಗಟ್ಟಿಯಾಯಿತು. ಫೋಮ್ ಒಮ್ಮೆ ಹಾಗಾದರೆ ಅದರ ತೇಲುವ ಗುಣವನ್ನು ನಂಬುವಂತಿಲ್ಲ. ದಿನವಿಡೀ ಕೂರುವ ದಿಂಬಾಗಿ ಬಳಸಿದ ದೋಣಿಯ ಜಾಕೆಟ್ಟುಗಳ ಕಥೆಯೂ ಇದೇ. ಸಿಹಿನೀರಿನಲ್ಲಿ ತೊಳೆದು, ಗಾಳಿಯಾಡುವ ನೆರಳಿನ ಜಗುಲಿಯಲ್ಲಿ ಒಣಗಿಸಬೇಕೆಂದು ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು, ನಾನು ಅವರಿಗೆ ಹೇಳಿರಲಿಲ್ಲ. ಮಗಳಿಗೆ ಹೊಸದನ್ನು ತರಿಸಿದ್ದೇನೆ, ಅದೇ ಕಂಪನಿಯದು, ಮತ್ತೆ ಕಿತ್ತಳೆ. ಮಗನ ತೂಕ ಈಗ ಹತ್ತೂವರೆ ಕೆ.ಜಿ.; ಅವನ ಜಾಕೆಟ್ ಇನ್ನೊಂದು ಚಳಿಗಾಲಕ್ಕೆ ಬರುತ್ತದೆ. ದೀಪಾವಳಿಗೆ ಊರಿಗೆ ಹೋದಾಗ ಎರಡನ್ನೂ ಮೊದಲು ತೋಟದ ಕೆರೆಗೆ ಇಳಿಸಿ ನೋಡುವುದಿದೆ.